ಕೊಪ್ಪ–ಶೃಂಗೇರಿ–ನರಸಿಂಹರಾಜಪುರ ಪ್ರದೇಶದ ಗಿರಿಜನರ ಆರ್ಥಿಕ ಸಂಬಂಧಗಳು

ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಹಸಲರು, ಗೌಡಲು, ಮಲೆಕುಡಿಯರು ಮೊದಲಾದ ಗಿರಿಜನ ಸಮುದಾಯಗಳು ವಾಸಿಸುತ್ತವೆ. ಈ ಸಮುದಾಯಗಳಿಗೂ ಅವುಗಳ ನೆರೆಯಲ್ಲಿ ನೆಲೆಸಿರುವ ಕೃಷಿಕ, ತೋಟಗಾರ ಮತ್ತು ವರ್ತಕ ಸಮುದಾಯಗಳಿಗೂ ನಡುವೆ ದುಡಿಮೆ, ಅರಣ್ಯ ಉತ್ಪನ್ನ, ಧಾನ್ಯ ಹಾಗೂ ಸಾಲದ ಮೂಲಕ ಬೆಳೆದುಬಂದ ಸಂಬಂಧಗಳು ಈ ಲೇಖನದ ವಿಷಯ. ಅಡಿಕೆ ತೋಟವು ಕಾಡಿನ ಸೊಪ್ಪನ್ನೂ ಕಾಡಿನವರ ದುಡಿಮೆಯನ್ನೂ ಅವಲಂಬಿಸಿತ್ತು. ಗಿರಿಜನ ಕುಟುಂಬವು ಮಳೆಗಾಲದ ಅಕ್ಕಿಗೆ ತೋಟದ ಒಡೆಯನನ್ನು ಅವಲಂಬಿಸಿತ್ತು. ಅವಲಂಬನೆ ಎರಡು ಕಡೆಯದಾಗಿದ್ದರೂ ಭೂಮಿಯ ದಾಖಲೆ ಒಂದೇ ಕಡೆ ಇದ್ದುದರಿಂದ ಈ ವಿನಿಮಯವು ಬಹುಕಾಲ ಸಾಲ ಮತ್ತು ಜೀತದ ರೂಪದಲ್ಲಿ ನಡೆಯಿತು. ಜೀತ ಪದ್ಧತಿಯನ್ನು 1976ರ ಕಾಯ್ದೆಯು ರದ್ದುಗೊಳಿಸಿತು. ಭೂಮಿಯ ಹಾಗೂ ಅರಣ್ಯದ ಹಕ್ಕಿನ ಪ್ರಶ್ನೆ 2006ರ ಅರಣ್ಯ ಹಕ್ಕು ಕಾಯ್ದೆಯ ನಂತರವೂ ಮುಂದುವರಿದಿದೆ.

ಪ್ರದೇಶ

ಈ ಮೂರು ತಾಲ್ಲೂಕುಗಳು ತುಂಗಾ ಮತ್ತು ಭದ್ರಾ ನದಿಗಳ ಮೇಲ್ಕಣಿವೆಯಲ್ಲಿವೆ. ನೈಋತ್ಯ ಮುಂಗಾರಿನ ಭಾರಿ ಮಳೆ ಬೀಳುವ ಈ ಪ್ರದೇಶದಲ್ಲಿ ಕಣಿವೆಯ ತಳದಲ್ಲಿ ಭತ್ತದ ಗದ್ದೆ, ಅದರ ಅಂಚಿನಲ್ಲಿ ಅಡಿಕೆ ತೋಟ, ಮೇಲಿನ ಇಳಿಜಾರಿನಲ್ಲಿ ಕಾಫಿ, ಏಲಕ್ಕಿ ಮತ್ತು ಕಾಡು ಇರುವುದು ಸಾಮಾನ್ಯ ವಿನ್ಯಾಸ. ನರಸಿಂಹರಾಜಪುರ ತಾಲ್ಲೂಕಿನ ಸೀತೂರಿನಂತಹ ಗ್ರಾಮಗಳಲ್ಲಿ ಗದ್ದೆ, ತೋಟ ಮತ್ತು ಕಾಡು ಒಂದಕ್ಕೊಂದು ತಾಗಿಕೊಂಡಿವೆ. ಮನೆಗಳು ಒತ್ತಾಗಿರದೆ ದೂರದೂರಕ್ಕೆ ಚದುರಿರುತ್ತವೆ. ಆದ್ದರಿಂದ ಬಯಲುಸೀಮೆಯ ಊರುಗಳಲ್ಲಿದ್ದಂತೆ ಕೂಲಿಗೆ ಅನೇಕ ಮನೆಗಳ ನಡುವೆ ಆಯ್ಕೆ ಇರಲಿಲ್ಲ. ಒಂದು ಬಿಡಾರದ ಜನರಿಗೆ ಹತ್ತಿರದ ಒಂದು ಮನೆಯೇ ದುಡಿಮೆಯ ಮೂಲವಾಗಿರುತ್ತಿತ್ತು.

ಸಮುದಾಯಗಳು

ಗಿರಿಜನ ಸಮುದಾಯಗಳು

ಹಸಲರು, ಗೌಡಲು ಮತ್ತು ಮಲೆಕುಡಿಯರು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿದ್ದಾರೆ. ಹಸಲರು ಚಿಕ್ಕಮಗಳೂರು ಹಾಗೂ ಶಿವಮೊಗ್ಗ ಜಿಲ್ಲೆಗಳ ಮಲೆನಾಡು ತಾಲ್ಲೂಕುಗಳಲ್ಲಿದ್ದು, ಮುಖ್ಯವಾಗಿ ಅಡಿಕೆ ತೋಟಗಳ ಕೆಲಸದೊಂದಿಗೆ ಗುರುತಿಸಲ್ಪಟ್ಟಿದ್ದಾರೆ. ಮಲೆಕುಡಿಯರು ಘಟ್ಟದ ಎರಡೂ ಬದಿಗಳಲ್ಲಿ, ಅಂದರೆ ದಕ್ಷಿಣ ಕನ್ನಡ, ಉಡುಪಿ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹರಡಿಕೊಂಡಿದ್ದಾರೆ. ಏಲಕ್ಕಿ ಬೇಸಾಯ ಮತ್ತು ಜೇನು ಸಂಗ್ರಹಣೆಯಲ್ಲಿ ಅವರು ನುರಿತವರು. ಗೌಡಲು ಸಮುದಾಯದವರ ಜೀವನವೂ ಕಾಡಿನ ಅಂಚು ಮತ್ತು ತೋಟದ ದುಡಿಮೆಯ ನಡುವೆ ಸಾಗಿದೆ. ಬಿದಿರಿನ ಬುಟ್ಟಿ, ಮೊರ, ಕುಕ್ಕೆಗಳನ್ನು ಹೆಣೆದು ಮಾರುವ ಮೇದರು ರಾಜ್ಯದಾದ್ಯಂತ ಇರುವ ಮತ್ತೊಂದು ಪರಿಶಿಷ್ಟ ಪಂಗಡ.

ನೆರೆಯ ಸಮುದಾಯಗಳು

ಗಿರಿಜನರ ನೆರೆಹೊರೆಯವರೆಲ್ಲರೂ ಒಂದೇ ಕಾಲದಲ್ಲಿ ಬಂದು ನೆಲೆಸಿದವರಲ್ಲ. ಒಕ್ಕಲಿಗರು, ಬ್ರಾಹ್ಮಣರು ಮತ್ತು ಜೈನರು ಶತಮಾನಗಳಿಂದ ಇಲ್ಲಿನ ಗದ್ದೆ–ತೋಟಗಳನ್ನು ನಡೆಸಿಕೊಂಡು ಬಂದಿದ್ದಾರೆ. ಶೃಂಗೇರಿಯು ಮೈಸೂರು ಸಂಸ್ಥಾನದ ಕಾಲದಲ್ಲಿ ಮಠದ ಜಹಗೀರಾಗಿತ್ತು. 19ನೆಯ ಶತಮಾನದಲ್ಲಿ ಕಾಫಿ ಬೇಸಾಯ ವಿಸ್ತರಿಸಿದಾಗ ಐರೋಪ್ಯ ತೋಟಗಾರರೂ, ಅವರ ತೋಟಗಳ ಕೆಲಸಕ್ಕೆ ಕರಾವಳಿಯಿಂದ ಘಟ್ಟ ಹತ್ತಿ ಬಂದ ತುಳು ಭಾಷಿಕ ಕಾರ್ಮಿಕರೂ ಸೇರಿಕೊಂಡರು. 20ನೆಯ ಶತಮಾನದ ಮಧ್ಯಭಾಗದಿಂದ ಕೇರಳದ ಕೃಷಿಕರು, ವಿಶೇಷವಾಗಿ ಸಿರಿಯನ್ ಕ್ರೈಸ್ತರು, ನರಸಿಂಹರಾಜಪುರ ತಾಲ್ಲೂಕಿಗೆ ಬಂದು ಮರಗೆಣಸು, ರಬ್ಬರ್, ಕಾಳುಮೆಣಸು ಬೆಳೆದರು. 1965ರಲ್ಲಿ ಪೂರ್ಣಗೊಂಡ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಹಿನ್ನೀರು ಇದೇ ತಾಲ್ಲೂಕಿನ ಕೃಷಿಭೂಮಿಯನ್ನು ಮುಳುಗಿಸಿದ್ದರಿಂದ ಉಳಿದ ಭೂಮಿಯ ಮೇಲಿನ ಒತ್ತಡ ಹೆಚ್ಚಾಯಿತು.

ತೋಟ ಮತ್ತು ಕಾಡಿನ ಅವಲಂಬನೆ

ಮಲೆನಾಡಿನ ಅಡಿಕೆ ಬೇಸಾಯಕ್ಕೆ ಪ್ರತಿವರ್ಷ ಹಸಿರು ಸೊಪ್ಪು, ತರಗೆಲೆ ಮತ್ತು ಕೊಟ್ಟಿಗೆ ಗೊಬ್ಬರ ಬೇಕು. ಇದಕ್ಕಾಗಿ ತೋಟಕ್ಕೆ ಹೊಂದಿಕೊಂಡ ಕಾಡಿನ ಭಾಗವನ್ನು ಸೊಪ್ಪಿನಬೆಟ್ಟವೆಂದು ಬಿಟ್ಟುಕೊಡುವ ಪದ್ಧತಿ ಇತ್ತು. ಬೆಟ್ಟದಿಂದ ಸೊಪ್ಪು ಕಡಿದು ಹೊರುವುದು, ಬಸಿಗಾಲುವೆ ತೋಡುವುದು, ಮರದ ಬುಡಕ್ಕೆ ಮಣ್ಣು ಹಾಕುವುದು, ಮಳೆಗಾಲದ ಕೊಳೆರೋಗದಿಂದ ಗೊನೆಗಳನ್ನು ಉಳಿಸಲು ಕೊಟ್ಟೆ ಕಟ್ಟುವುದು ಅಥವಾ ಮೈಲುತುತ್ತು–ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸುವುದು, ಕೊನೆ ಕೊಯ್ಯುವುದು, ಅಡಿಕೆ ಸುಲಿಯುವುದು, ಬೇಯಿಸಿ ಒಣಗಿಸುವುದು ಎಲ್ಲವೂ ದುಡಿಮೆಯನ್ನು ಬೇಡುವ ಕೆಲಸಗಳು. ನಯವಾದ ಎತ್ತರದ ಮರವನ್ನೇರಿ, ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತ ಕೊನೆ ಇಳಿಸುವ ಕೊನೆಗಾರನ ಕೆಲಸಕ್ಕೆ ಎಳವೆಯಿಂದಲೇ ಅಭ್ಯಾಸ ಬೇಕು. ಸುಲಿತವು ಮುಖ್ಯವಾಗಿ ಹೆಂಗಸರ ಕೆಲಸವಾಗಿದ್ದು, ಸುಲಿದ ಅಡಿಕೆಯ ಅಳತೆಯ ಮೇಲೆ ಕೂಲಿ ಲೆಕ್ಕ ಹಾಕಲಾಗುತ್ತದೆ. ಹೀಗೆ ಸಿದ್ಧವಾದ ಕೆಂಪಡಿಕೆಯು ಹಸ, ಬೆಟ್ಟೆ, ರಾಶಿ, ಗೊರಬಲು ಎಂಬ ದರ್ಜೆಗಳಲ್ಲಿ ಶಿವಮೊಗ್ಗ ಮೊದಲಾದ ಮಾರುಕಟ್ಟೆಗಳಿಗೆ ಹೋಗುತ್ತದೆ.

ತೋಟದ ಕೆಲಸ ವರ್ಷಪೂರ್ತಿ ಒಂದೇ ಪ್ರಮಾಣದಲ್ಲಿರುವುದಿಲ್ಲ. ಕೊಯ್ಲು ಮತ್ತು ಸುಲಿತದ ಚಳಿಗಾಲದಲ್ಲಿ ಆಳುಗಳ ಕೊರತೆ ಇರುತ್ತದೆ. ನಾಟಿಯ ದಿನಗಳನ್ನು ಬಿಟ್ಟರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಕೆಲಸ ವಿರಳ. ಆ ತಿಂಗಳುಗಳಲ್ಲಿ ಕಳಲೆ, ಅಣಬೆ, ಕೆಸುವಿನ ಸೊಪ್ಪು, ಕಾಡುಗೆಣಸು, ಹಳ್ಳದ ಏಡಿ ಮತ್ತು ಮೀನು ಗಿರಿಜನರ ಆಹಾರವನ್ನು ತುಂಬಿಕೊಡುತ್ತಿದ್ದವು. ಅಕ್ಕಿಯನ್ನು ಮಾತ್ರ ಒಡೆಯನ ಮನೆಯಿಂದ ತರಬೇಕಾಗಿತ್ತು. ಕೊಯ್ಲಿನ ಕಾಲಕ್ಕೆ ಆಳುಗಳನ್ನು ಖಚಿತಪಡಿಸಿಕೊಳ್ಳಬೇಕೆಂಬ ಒಡೆಯನ ಅಗತ್ಯವೂ, ಮಳೆಗಾಲವನ್ನು ಕಳೆಯಬೇಕೆಂಬ ಆಳಿನ ಅಗತ್ಯವೂ ಕೂಡಿ ಮುಂಗಡದ ಪದ್ಧತಿಗೆ ಆಧಾರವಾದವು.

ಅರಣ್ಯ ಉತ್ಪನ್ನಗಳ ವ್ಯಾಪಾರ

ಜೇನು, ಮೇಣ, ಸೀಗೆಕಾಯಿ, ಅಂಟುವಾಳ, ದಾಲ್ಚಿನ್ನಿ, ರಾಮಪತ್ರೆ, ಧೂಪ, ಬೆತ್ತ, ಮುರುಗಲು, ಉಪ್ಪಾಗೆ ಮತ್ತು ವಾಟೆಹುಳಿ ಈ ಪ್ರದೇಶದ ಮುಖ್ಯ ಕಿರು ಅರಣ್ಯ ಉತ್ಪನ್ನಗಳು. ಹೆಜ್ಜೇನು ಬಂಡೆ ಮತ್ತು ಎತ್ತರದ ಮರಗಳಲ್ಲಿ ಕಟ್ಟಿದರೆ ತುಡುವೆ ಜೇನು ಪೊಟರೆಗಳಲ್ಲಿ ಸಿಗುತ್ತದೆ. ಇವುಗಳನ್ನು ಸಂಗ್ರಹಿಸಿದವರು ಉಪ್ಪು, ಒಣಮೀನು, ಬಟ್ಟೆ, ಕಬ್ಬಿಣದ ಕತ್ತಿ, ಹೊಗೆಸೊಪ್ಪು ಮುಂತಾದವುಗಳಿಗಾಗಿ ಅಂಗಡಿಕಾರರಿಗೋ ತೋಟದ ಮನೆಗಳಿಗೋ ಕೊಡುತ್ತಿದ್ದರು. ಬೆಲೆ ನಿರ್ಧರಿಸುವವನೂ ಸಾಲ ಕೊಟ್ಟವನೂ ಒಬ್ಬನೇ ಆಗಿದ್ದಾಗ ತಂದ ಮಾಲು ಸಾಲದ ಖಾತೆಗೆ ಜಮೆಯಾಗುತ್ತಿತ್ತು. ಕೈಗೆ ಹಣ ಬರುವುದು ಕಡಿಮೆ.

ಅರಣ್ಯವು ಸರ್ಕಾರದ ಆಡಳಿತಕ್ಕೆ ಒಳಪಟ್ಟ ನಂತರ ಈ ಉತ್ಪನ್ನಗಳ ಸಂಗ್ರಹದ ಹಕ್ಕನ್ನು ಹರಾಜು ಅಥವಾ ಗುತ್ತಿಗೆಯ ಮೂಲಕ ನೀಡುವ ಕ್ರಮ ಬಂದಿತು. ಕಾಡನ್ನು ಬಲ್ಲವರು ಗುತ್ತಿಗೆದಾರರಿಗಾಗಿ ಸಂಗ್ರಹಿಸುವ ಕೂಲಿಗಳಾದರು. ಈ ಮಧ್ಯವರ್ತಿತನವನ್ನು ತಪ್ಪಿಸುವ ಉದ್ದೇಶದಿಂದ ಲ್ಯಾಂಪ್ಸ್ ಎಂದು ಕರೆಯಲಾಗುವ ಗಿರಿಜನರ ವಿವಿಧೋದ್ದೇಶ ಸಹಕಾರ ಸಂಘಗಳನ್ನು ರಾಜ್ಯದಲ್ಲಿ ಸ್ಥಾಪಿಸಲಾಯಿತು. ಸದಸ್ಯರು ತಂದ ಉತ್ಪನ್ನವನ್ನು ನಿಗದಿತ ದರದಲ್ಲಿ ಕೊಂಡು ಮಾರುವುದು, ದಿನಬಳಕೆಯ ಸಾಮಗ್ರಿ ಮತ್ತು ಸಾಲ ಒದಗಿಸುವುದು ಇವುಗಳ ಕೆಲಸ. 1990ರ ದಶಕದಲ್ಲಿ ತೂಕ ಇಳಿಸುವ ಔಷಧಿಗಳ ತಯಾರಿಕೆಗೆ ವಿದೇಶಗಳಿಂದ ಉಪ್ಪಾಗೆಗೆ ಬೇಡಿಕೆ ಬಂದಾಗ ಪಶ್ಚಿಮ ಘಟ್ಟದಾದ್ಯಂತ ಅದರ ಬೆಲೆ ಏರಿತು. ಹೆಚ್ಚು ಬೆಲೆ ಬಂದೊಡನೆ ಗಿರಿಜನರಲ್ಲದವರೂ ಸಂಗ್ರಹಕ್ಕಿಳಿದರು. ಕಾಯಿ ಬಲಿಯುವ ಮೊದಲೇ ಕೊಯ್ಯುವುದು ಮತ್ತು ಸಿಪ್ಪೆ ಒಣಗಿಸಲು ಕಾಡಿನ ಸೌದೆ ಸುಡುವುದು ಹೊಸ ಸಮಸ್ಯೆಗಳಾದವು.

ಪಡಿ, ಮುಂಗಡ ಮತ್ತು ಜೀತ

ಹಿಂದಿನ ಕಾಲದಲ್ಲಿ ಕೂಲಿಯನ್ನು ಹೆಚ್ಚಾಗಿ ಭತ್ತ ಅಥವಾ ಅಕ್ಕಿಯ ರೂಪದಲ್ಲಿ ಅಳೆದು ಕೊಡಲಾಗುತ್ತಿತ್ತು. ಇದನ್ನು ಪಡಿ ಎನ್ನುತ್ತಾರೆ. ಇದರೊಂದಿಗೆ ವರ್ಷಕ್ಕೊಮ್ಮೆ ಬಟ್ಟೆ, ಕಂಬಳಿ, ಹಬ್ಬದ ದಿನ ಊಟ, ಬಿಡಾರ ಕಟ್ಟಿಕೊಳ್ಳಲು ಜಾಗ ಸಿಗುತ್ತಿತ್ತು. ಬಿಡಾರವಿದ್ದ ಜಾಗ ಒಡೆಯನದೇ ಆಗಿದ್ದುದರಿಂದ ಕೆಲಸ ಬಿಟ್ಟವರು ಮನೆಯನ್ನೂ ಬಿಡಬೇಕಾಗುತ್ತಿತ್ತು.

ಮದುವೆ, ಕಾಯಿಲೆ ಮತ್ತು ಸಾವಿನ ಖರ್ಚಿಗೆ ಪಡೆದ ಸಾಲವನ್ನು ದುಡಿದು ತೀರಿಸುವುದು ಜೀತದ ಸಾಮಾನ್ಯ ಸ್ವರೂಪ. ದುಡಿಮೆಯು ಬಡ್ಡಿಗೆ ಸಮವೆಂದು ಎಣಿಸಿದಾಗ ಅಸಲು ಹಾಗೆಯೇ ಉಳಿಯುತ್ತಿತ್ತು. ಲೆಕ್ಕವು ಒಡೆಯನ ಕಡತದಲ್ಲಿ ಮಾತ್ರ ಇರುತ್ತಿದ್ದು, ಓದುಬರಹ ತಿಳಿಯದ ಸಾಲಗಾರನಿಗೆ ಅದನ್ನು ಪರಿಶೀಲಿಸುವ ದಾರಿ ಇರಲಿಲ್ಲ. ತಂದೆಯ ಸಾಲ ಮಗನಿಗೆ ಬಂದಾಗ ಸಂಬಂಧವು ತಲೆಮಾರುಗಳಿಗೆ ಮುಂದುವರಿಯುತ್ತಿತ್ತು. ಬೇರೆ ಮನೆಗೆ ದುಡಿಯಲು ಹೋಗಬೇಕಾದರೆ ಹೊಸ ಒಡೆಯನು ಹಳೆಯ ಸಾಲವನ್ನು ತೀರಿಸಿ ಆಳನ್ನು ಕರೆದೊಯ್ಯಬೇಕಾಗಿತ್ತು. ಇದರಿಂದ ಒಡೆಯ ಬದಲಾದರೂ ಸಾಲ ಬದಲಾಗುತ್ತಿರಲಿಲ್ಲ.

19ನೆಯ ಶತಮಾನದ ಕೊನೆಯಲ್ಲಿ ಬಿ. ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್ ಹಸಲರನ್ನು ಪಶ್ಚಿಮ ತಾಲ್ಲೂಕುಗಳ ಅಡಿಕೆ ತೋಟಗಳ ದುಡಿಮೆಗಾರರೆಂದು ಗುರುತಿಸುತ್ತದೆ. ಮಲೆನಾಡಿನ ಹೊಲೆಯರಲ್ಲಿದ್ದ ಹುಟ್ಟಾಳು ಮತ್ತು ಮಣ್ಣಾಳು ಎಂಬ ಎರಡು ಬಗೆಯ ಜೀತವನ್ನೂ ಅದು ದಾಖಲಿಸಿದೆ. ಹುಟ್ಟಾಳು ಒಂದು ಮನೆತನಕ್ಕೆ ಹುಟ್ಟಿನಿಂದ ಕಟ್ಟುಬಿದ್ದವನು; ಮಣ್ಣಾಳು ಭೂಮಿಯೊಂದಿಗೆ ಕಟ್ಟುಬಿದ್ದವನು. ಈ ವ್ಯವಸ್ಥೆಯು ಗಿರಿಜನರಿಗೆ ಮಾತ್ರ ಸೀಮಿತವಾಗಿರದೆ ಪರಿಶಿಷ್ಟ ಜಾತಿಗಳನ್ನೂ ಒಳಗೊಂಡಿತ್ತು.

ಕಾಫಿ ತೋಟ ಮತ್ತು ಅರಣ್ಯ ಆಡಳಿತ

ಕಾಫಿ ತೋಟಗಳು ನಗದು ಕೂಲಿಯನ್ನು ವ್ಯಾಪಕಗೊಳಿಸಿದವು. ಬಾಳೆಹೊನ್ನೂರಿನ ಸಮೀಪ 1925ರಲ್ಲಿ ಆರಂಭವಾದ ಕಾಫಿ ಪ್ರಯೋಗ ಕೇಂದ್ರವು ಮುಂದೆ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿ ಬೆಳೆದದ್ದು ಈ ಪ್ರದೇಶದಲ್ಲಿ ಕಾಫಿಗೆ ದೊರೆತ ಮಹತ್ವವನ್ನು ಸೂಚಿಸುತ್ತದೆ. ತೋಟಗಳಿಗೆ ಆಳುಗಳನ್ನು ಮೇಸ್ತ್ರಿಗಳು ಮುಂಗಡ ಕೊಟ್ಟು ಕರೆತರುತ್ತಿದ್ದರು. ಹೀಗೆ ಜೀತದ ಪಕ್ಕದಲ್ಲೇ ಮೇಸ್ತ್ರಿ ಪದ್ಧತಿಯೂ ಬೆಳೆಯಿತು. ಎರಡಕ್ಕೂ ಮುಂಗಡವೇ ಮೂಲ. ತೋಟದ ಲೈನ್‌ಮನೆಗಳಲ್ಲಿ ವಾಸ, ವೈದ್ಯಕೀಯ ನೆರವು ಮೊದಲಾದವುಗಳಿಗೆ ಕಾನೂನಿನ ಆಧಾರ ದೊರೆತದ್ದು 1951ರ ತೋಟ ಕಾರ್ಮಿಕರ ಕಾಯ್ದೆಯಿಂದ.

ಮೈಸೂರಿನಲ್ಲಿ 1864ರಲ್ಲಿ ಅರಣ್ಯ ಇಲಾಖೆ ರಚನೆಯಾಯಿತು. ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯದ ಮೇಲೆ ನಿರ್ಬಂಧಗಳು ಬಂದವು. 1900ರ ಮೈಸೂರು ಅರಣ್ಯ ಕಾಯ್ದೆ ಮತ್ತು 1963ರ ಕರ್ನಾಟಕ ಅರಣ್ಯ ಕಾಯ್ದೆಗಳು ಮೀಸಲು ಅರಣ್ಯದ ಚೌಕಟ್ಟನ್ನು ನಿಗದಿಪಡಿಸಿದವು. ತೋಟಗಾರರ ಸೊಪ್ಪಿನಬೆಟ್ಟದ ಸವಲತ್ತು ಅವರ ಜಮೀನಿನ ದಾಖಲೆಯೊಂದಿಗೆ ಗುರುತಾಗಿ ಉಳಿಯಿತು. ದಾಖಲೆಯೇ ಇಲ್ಲದ ಗಿರಿಜನರ ಬಳಕೆಗೆ ಅಂತಹ ಗುರುತು ಸಿಗಲಿಲ್ಲ. ಕಾಡಿನಲ್ಲಿ ಸ್ವತಂತ್ರವಾಗಿ ಬದುಕುವ ಅವಕಾಶ ಕಡಿಮೆಯಾದಷ್ಟೂ ತೋಟದ ಕೂಲಿಯ ಮೇಲಿನ ಅವಲಂಬನೆ ಹೆಚ್ಚಿತು.

1970ರ ದಶಕದ ಕಾಯ್ದೆಗಳು

ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದ ಅವಧಿಯಲ್ಲಿ ಈ ಸಂಬಂಧಗಳನ್ನು ಮುಟ್ಟುವ ಹಲವು ಕಾಯ್ದೆಗಳು ಜಾರಿಯಾದವು.

• ಭೂಸುಧಾರಣೆ: 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಗೇಣಿ ಪದ್ಧತಿಯನ್ನು ರದ್ದುಗೊಳಿಸಿ ಗೇಣಿದಾರರಿಗೆ ಭೂಮಿಯ ಒಡೆತನ ನೀಡಿತು. ಗಿರಿಜನರಲ್ಲಿ ಬಹುಪಾಲು ಜನ ಗೇಣಿದಾರರಾಗಿರದೆ ಕೂಲಿಗಳಾಗಿದ್ದುದರಿಂದ ಅವರಿಗೆ ಇದರ ಲಾಭ ಸೀಮಿತವಾಯಿತು. ಕಾಫಿ, ಏಲಕ್ಕಿ, ಕಾಳುಮೆಣಸು, ರಬ್ಬರ್ ಮತ್ತು ಚಹಾ ತೋಟಗಳಿಗೆ ಕಾಯ್ದೆಯಲ್ಲಿ ವಿನಾಯಿತಿ ಇತ್ತು. ಬೇರೆಯವರ ಜಮೀನಿನಲ್ಲಿ ವಾಸಿಸುವ ಕೃಷಿ ಕಾರ್ಮಿಕರಿಗೆ ಅವರ ವಾಸದ ಮನೆಯ ಒಡೆತನ ನೀಡುವ ಅವಕಾಶವನ್ನು ಕಾಯ್ದೆಯ 38ನೆಯ ಕಲಂ ಒದಗಿಸಿತು.

• ಜೀತ ವಿಮುಕ್ತಿ: 1975ರ ಅಕ್ಟೋಬರ್‌ನ ಸುಗ್ರೀವಾಜ್ಞೆಯ ಸ್ಥಾನದಲ್ಲಿ ಬಂದ 1976ರ ಜೀತ ಕಾರ್ಮಿಕ ಪದ್ಧತಿ (ರದ್ದತಿ) ಕಾಯ್ದೆಯು ಜೀತಕ್ಕೆ ಕಾರಣವಾದ ಸಾಲಗಳನ್ನು ಅನೂರ್ಜಿತಗೊಳಿಸಿ, ಜೀತಕ್ಕಿಟ್ಟುಕೊಳ್ಳುವುದನ್ನು ಅಪರಾಧವನ್ನಾಗಿಸಿತು. ಬಿಡುಗಡೆಯಾದವರನ್ನು ಅವರ ವಾಸದ ಮನೆಯಿಂದ ಹೊರಹಾಕುವುದನ್ನೂ ನಿಷೇಧಿಸಿತು.

• ಋಣ ಪರಿಹಾರ: 1976ರ ಕರ್ನಾಟಕ ಋಣ ಪರಿಹಾರ ಕಾಯ್ದೆಯು ಸಣ್ಣ ರೈತರು, ಭೂರಹಿತ ಕಾರ್ಮಿಕರು ಮತ್ತು ದುರ್ಬಲ ವರ್ಗದವರ ಖಾಸಗಿ ಸಾಲಗಳಿಂದ ವಿಮೋಚನೆ ನೀಡಿತು.

• ಮಂಜೂರಾದ ಭೂಮಿ: 1978ರ ಪಿ.ಟಿ.ಸಿ.ಎಲ್. ಕಾಯ್ದೆಯು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಪರಭಾರೆಯನ್ನು ನಿರ್ಬಂಧಿಸಿತು.

ಕಾಯ್ದೆಗಳು ಹಳೆಯ ಸಾಲವನ್ನು ಅಳಿಸಿದರೂ ಸಾಲದ ಅಗತ್ಯವನ್ನು ಅಳಿಸಲಿಲ್ಲ. ಜಮೀನಿನ ಪಹಣಿ ಇಲ್ಲದವರಿಗೆ ಬ್ಯಾಂಕ್ ಮತ್ತು ಸಹಕಾರ ಸಂಘಗಳಿಂದ ಕೃಷಿ ಸಾಲ ಸಿಗುವುದು ಕಷ್ಟವಾದ್ದರಿಂದ, ಮುಂಗಡಕ್ಕೆ ಮತ್ತೆ ತೋಟದ ಮಾಲೀಕರನ್ನೋ ಖಾಸಗಿ ಲೇವಾದೇವಿಗಾರರನ್ನೋ ಆಶ್ರಯಿಸಬೇಕಾಯಿತು. 1982ರಲ್ಲಿ ಸರ್ವೋಚ್ಚ ನ್ಯಾಯಾಲಯವು ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕಾರ್ಮಿಕರಿಗೆ ಸಂಬಂಧಿಸಿದ ಪ್ರಕರಣದಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆ ಸಂಬಳಕ್ಕೆ ದುಡಿಸುವುದೂ ಬಲವಂತದ ದುಡಿಮೆಯೆಂದು ತೀರ್ಪು ನೀಡಿತು. ಬಡತನದ ಒತ್ತಡವೂ ಬಲವಂತವೇ ಎಂಬ ಈ ನಿಲುವು ಮುಂಗಡದ ಸಂಬಂಧಗಳನ್ನು ಅರ್ಥಮಾಡಿಕೊಳ್ಳಲು ಮುಖ್ಯವಾದುದು.

ಕುದುರೆಮುಖ ರಾಷ್ಟ್ರೀಯ ಉದ್ಯಾನ

ಕುದುರೆಮುಖ ರಾಷ್ಟ್ರೀಯ ಉದ್ಯಾನದ ಪ್ರಾಥಮಿಕ ಅಧಿಸೂಚನೆ 1987ರಲ್ಲಿ, ಅಂತಿಮ ಅಧಿಸೂಚನೆ 2001ರಲ್ಲಿ ಹೊರಬಂದಿತು. ಚಿಕ್ಕಮಗಳೂರು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಿಗೆ ಸೇರಿದ ಸುಮಾರು 600 ಚದರ ಕಿಲೋಮೀಟರ್ ಅರಣ್ಯ ಇದರಲ್ಲಿದೆ. ಉದ್ಯಾನದ ಒಳಗೂ ಅಂಚಿನಲ್ಲೂ ಮಲೆಕುಡಿಯ ಮತ್ತು ಗೌಡಲು ಕುಟುಂಬಗಳೊಂದಿಗೆ ಇತರ ಕೃಷಿಕ ಕುಟುಂಬಗಳೂ ವಾಸವಾಗಿವೆ. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಒಣಮರ, ಹುಲ್ಲು ಮೊದಲಾದವುಗಳನ್ನು ತೆಗೆಯಬಾರದೆಂದು ಸರ್ವೋಚ್ಚ ನ್ಯಾಯಾಲಯವು 2000ದ ಫೆಬ್ರವರಿಯಲ್ಲಿ ನೀಡಿದ ಆದೇಶವು ದೇಶದಾದ್ಯಂತ ಕಿರು ಅರಣ್ಯ ಉತ್ಪನ್ನಗಳ ಸಂಗ್ರಹಣೆಯ ಮೇಲೆ ಪರಿಣಾಮ ಬೀರಿತು. ಇದೇ ಪ್ರದೇಶದಲ್ಲಿ ನಡೆಯುತ್ತಿದ್ದ ಕಬ್ಬಿಣದ ಅದಿರಿನ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ನಿಂತಿತು.

ಒಕ್ಕಲೆಬ್ಬಿಸುವ ಭಯವು ಗಿರಿಜನರನ್ನೂ ಅವರ ನೆರೆಯ ಸಣ್ಣ ಕೃಷಿಕರನ್ನೂ ಒಂದೇ ಹೋರಾಟದಲ್ಲಿ ಸೇರಿಸಿತು. ಕೂಲಿ ಮತ್ತು ಒಡೆತನದ ವಿಷಯದಲ್ಲಿ ಎದುರುಬದುರಾಗಿದ್ದವರು ಅರಣ್ಯದ ವಿಷಯದಲ್ಲಿ ಒಂದೇ ಕಡೆ ನಿಂತದ್ದು ಈ ಕಾಲದ ವಿಶೇಷ. 2000ದ ದಶಕದಲ್ಲಿ ಇಲ್ಲಿ ನಕ್ಸಲ್ ಚಟುವಟಿಕೆಯೂ ಅದರ ವಿರುದ್ಧ ಪೊಲೀಸ್ ಕಾರ್ಯಾಚರಣೆಯೂ ನಡೆದು, ಗಿರಿಜನ ಹಳ್ಳಿಗಳ ರಸ್ತೆ, ವಿದ್ಯುತ್ ಮತ್ತು ಭೂಮಿಯ ಬೇಡಿಕೆಗಳು ರಾಜ್ಯಮಟ್ಟದ ಚರ್ಚೆಗೆ ಬಂದವು.

ಅರಣ್ಯ ಹಕ್ಕು ಕಾಯ್ದೆ

2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅರಣ್ಯಭೂಮಿಯಲ್ಲಿ ವಾಸಿಸಿ ಸಾಗುವಳಿ ಮಾಡುತ್ತಿರುವ ಪರಿಶಿಷ್ಟ ಪಂಗಡದವರು ಗರಿಷ್ಠ 4 ಹೆಕ್ಟೇರ್‌ವರೆಗೆ ಹಕ್ಕು ಪಡೆಯಬಹುದು. ಪರಿಶಿಷ್ಟ ಪಂಗಡಕ್ಕೆ ಸೇರದ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರುಗಳ, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಹಕ್ಕುಪತ್ರವನ್ನು ಪತಿ–ಪತ್ನಿಯರ ಜಂಟಿ ಹೆಸರಿನಲ್ಲಿ ನೀಡಲಾಗುತ್ತದೆ. ಅದು ವಾರಸುದಾರರಿಗೆ ಬರುತ್ತದೆ, ಆದರೆ ಮಾರಲು ಬರುವುದಿಲ್ಲ. ಕಿರು ಅರಣ್ಯ ಉತ್ಪನ್ನಗಳ ಸಂಗ್ರಹ, ಬಳಕೆ ಮತ್ತು ಮಾರಾಟದ ಹಕ್ಕನ್ನೂ, ಸಮುದಾಯ ಅರಣ್ಯದ ಹಕ್ಕನ್ನೂ ಕಾಯ್ದೆ ಮಾನ್ಯ ಮಾಡುತ್ತದೆ.

ಕಾಯ್ದೆಗೆ ಒಂದು ಸ್ವಾಭಾವಿಕ ಮಿತಿ ಇದೆ. ತಲೆಮಾರುಗಳಿಂದ ಖಾಸಗಿ ತೋಟದ ಬಿಡಾರ ಅಥವಾ ಲೈನ್‌ಮನೆಗಳಲ್ಲಿ ವಾಸಿಸಿ, ಅರಣ್ಯಭೂಮಿಯಲ್ಲಿ ಸಾಗುವಳಿ ಮಾಡದಿರುವ ಕುಟುಂಬಗಳಿಗೆ ಇದರಡಿ ಭೂಮಿ ಸಿಗುವುದಿಲ್ಲ. ಜೀತದಿಂದಾಗಿ ಭೂಮಿಯಿಂದ ದೂರವಾದವರೇ ಭೂಮಿಯ ಹಕ್ಕಿನಿಂದಲೂ ಹೊರಗುಳಿಯುವ ಸ್ಥಿತಿ ಇದು. ಕರ್ನಾಟಕದಲ್ಲಿ ಸಂವಿಧಾನದ ಐದನೆಯ ಅನುಸೂಚಿಯ ಪ್ರದೇಶಗಳಿಲ್ಲದ ಕಾರಣ, ಅನುಸೂಚಿತ ಪ್ರದೇಶದ ಗ್ರಾಮಸಭೆಗಳಿಗೆ 1996ರ ಪೆಸಾ ಕಾಯ್ದೆ ನೀಡಿದ ಅಧಿಕಾರಗಳೂ ಇಲ್ಲಿನ ಗಿರಿಜನರಿಗೆ ಅನ್ವಯಿಸುವುದಿಲ್ಲ.

ಇಂದಿನ ಸ್ಥಿತಿ

ಕೂಲಿ ಈಗ ನಗದಿನಲ್ಲಿ ಸಿಗುತ್ತದೆ. ಪಡಿತರದ ಅಕ್ಕಿ ಮತ್ತು ಅರಣ್ಯ ಆಧಾರಿತ ಬುಡಕಟ್ಟುಗಳಿಗೆ ಸರ್ಕಾರ ನೀಡುವ ಪೌಷ್ಟಿಕ ಆಹಾರದಿಂದಾಗಿ ಮಳೆಗಾಲದಲ್ಲಿ ಒಡೆಯನ ಮನೆಯ ಅಕ್ಕಿಯನ್ನು ನೆಚ್ಚಿಕೊಳ್ಳುವುದು ಕಡಿಮೆಯಾಗಿದೆ. ಉದ್ಯೋಗ ಖಾತರಿ ಯೋಜನೆ, ಆಶ್ರಮಶಾಲೆಗಳು ಮತ್ತು ಪೇಟೆಯ ಕೆಲಸಗಳು ಯುವಜನರಿಗೆ ಬೇರೆ ದಾರಿಗಳನ್ನು ತೆರೆದಿವೆ. ಕೊನೆಗಾರರು ವಿರಳವಾದುದರಿಂದ ಅವರ ಕೂಲಿ ಇತರ ಕೆಲಸಗಳಿಗಿಂತ ಹೆಚ್ಚು. ಇನ್ನೊಂದೆಡೆ ಅಡಿಕೆ ಸುಲಿಯುವ ಯಂತ್ರಗಳು ಹೆಂಗಸರ ಚಳಿಗಾಲದ ಆದಾಯವನ್ನು ತಗ್ಗಿಸಿವೆ. ಕಾಫಿ ತೋಟಗಳಿಗೆ ಉತ್ತರ ಕರ್ನಾಟಕ, ಅಸ್ಸಾಂ ಮೊದಲಾದ ಕಡೆಗಳಿಂದ ಕಾರ್ಮಿಕರು ಬರುತ್ತಿದ್ದಾರೆ. ಕೊಪ್ಪ ಮತ್ತು ಶೃಂಗೇರಿ ತಾಲ್ಲೂಕುಗಳ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಕಾಡುತ್ತಿದ್ದು, ಸೊರಗಿದ ತೋಟಗಳಲ್ಲಿ ಮಾಲೀಕನ ಆದಾಯದ ಜೊತೆಗೆ ಕೂಲಿಯ ದಿನಗಳೂ ಕುಸಿದಿವೆ.

ನಿವೇಶನ, ಬಗರ್ ಹುಕುಂ ಸಾಗುವಳಿಯ ಸಕ್ರಮ ಮತ್ತು ಅರಣ್ಯ ಕಾಯ್ದೆಯ ಸೆಕ್ಷನ್ 4ರ ಅಧಿಸೂಚನೆಗೆ ಒಳಪಟ್ಟ ಜಮೀನುಗಳ ಇತ್ಯರ್ಥ ಮೂರೂ ತಾಲ್ಲೂಕುಗಳ ಸಮಾನ ಬೇಡಿಕೆಗಳಾಗಿವೆ.

ಇತರ ಪ್ರದೇಶಗಳೊಂದಿಗೆ ಹೋಲಿಕೆ

ನೀಲಗಿರಿಯಲ್ಲಿ ತೋಡರು ಹಾಲಿನ ಉತ್ಪನ್ನಗಳನ್ನೂ, ಕೋತರು ಕಮ್ಮಾರಿಕೆ ಮತ್ತು ಕುಂಬಾರಿಕೆಯ ವಸ್ತುಗಳನ್ನೂ, ಕುರುಂಬರು ಕಾಡಿನ ಉತ್ಪನ್ನಗಳನ್ನೂ, ಕನ್ನಡಕ್ಕೆ ಹತ್ತಿರದ ನುಡಿಯನ್ನಾಡುವ ಬಡಗರು ಧಾನ್ಯವನ್ನೂ ಪರಸ್ಪರ ವಿನಿಮಯ ಮಾಡಿಕೊಳ್ಳುತ್ತಿದ್ದರು. ಅಲ್ಲಿ ಪ್ರತಿ ಸಮುದಾಯಕ್ಕೂ ತನ್ನದೇ ಸರಕು ಇತ್ತು. ಕೊಡಗಿನ ಯರವರು ಮತ್ತು ವಯನಾಡಿನ ಪಣಿಯರ ಸ್ಥಿತಿ ಮಲೆನಾಡಿನ ಹಸಲರ ಸ್ಥಿತಿಗೆ ಹೆಚ್ಚು ಹತ್ತಿರವಾದುದು: ಭೂಮಿ ಇಲ್ಲದೆ, ದುಡಿಮೆಯನ್ನು ಮಾತ್ರ ಕೊಡಬಲ್ಲವರಾಗಿ, ಮುಂಗಡಕ್ಕೆ ಕಟ್ಟುಬಿದ್ದವರು ಅವರು. ವಯನಾಡಿನ ವಳ್ಳಿಯೂರ್‌ಕಾವು ಜಾತ್ರೆಯ ಸಮಯದಲ್ಲಿ ಪಣಿಯರನ್ನು ವರ್ಷದ ದುಡಿಮೆಗೆ ಗೊತ್ತುಮಾಡಿಕೊಳ್ಳುವ ಪದ್ಧತಿ ಇತ್ತು.

ಸಾಹಿತ್ಯದಲ್ಲಿ

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಮತ್ತು ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಗಳು ಮಲೆನಾಡಿನ ಒಡೆಯರ ಮನೆ ಮತ್ತು ಜೀತದಾಳುಗಳ ಬಿಡಾರಗಳ ನಡುವಿನ ಬದುಕನ್ನು ವಿವರವಾಗಿ ಚಿತ್ರಿಸುತ್ತವೆ. ಮೊದಲನೆಯದರ ಬೇಲರ ಬೈರ ಮತ್ತು ಎರಡನೆಯದರ ನಾಯಿಗುತ್ತಿ ಇದಕ್ಕೆ ಉದಾಹರಣೆಗಳು. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಕರಾವಳಿಯ ಕಥೆಯಾದರೂ ಘಟ್ಟದ ಮೇಲಿನ ಕಾಫಿ ತೋಟದ ಸಾಲವು ಅದರ ಕಥಾವಸ್ತುವಿನ ಮುಖ್ಯ ಭಾಗ. ಈ ಕೃತಿಗಳ ಪಾತ್ರಗಳು ಪರಿಶಿಷ್ಟ ಪಂಗಡಗಳಿಗೆ ಸೇರಿದವರಲ್ಲದಿದ್ದರೂ ಅವು ತೋರಿಸುವ ಸಾಲ–ದುಡಿಮೆಯ ವ್ಯವಸ್ಥೆ ಒಂದೇ.

ಇವನ್ನೂ ನೋಡಿ

• ಹಸಲರು
• ಮಲೆಕುಡಿಯ
• ಅಡಿಕೆ
• ಕುದುರೆಮುಖ ರಾಷ್ಟ್ರೀಯ ಉದ್ಯಾನ
• ಜೀತ ಪದ್ಧತಿ
• ಅರಣ್ಯ ಹಕ್ಕು ಕಾಯ್ದೆ, 2006